ಗುಂಡಿನ ಸದ್ದು ನಿಂತು ಇಷ್ಟು ವರ್ಷವಾದರೂ ಉತ್ತರ ಐರ್ಲೆಂಡ್‌ನ ಗಾಯ ಯಾಕೆ ಮಾಯ್ದಿಲ್ಲ?

ಓದುಗರ ಪ್ರಶ್ನೆ: ಉತ್ತರ ಐರ್ಲೆಂಡ್‌ನಲ್ಲಿ 1998ರಲ್ಲೇ ಶಾಂತಿ ಒಪ್ಪಂದ ಆಯ್ತು, ಅಲ್ವಾ? ಆದರೂ ಐವತ್ತು ವರ್ಷ ಹಳೇ ಕೊಲೆಗಳ ಸುದ್ದಿ ಇವತ್ತಿಗೂ ಬರುತ್ತಲೇ ಇದೆ. ಆ ಜನ ಯಾಕೆ ಅದನ್ನು ಮರೆತು ಮುಂದೆ ಹೋಗುತ್ತಿಲ್ಲ?

ಉತ್ತರ: ಒಪ್ಪಂದದಿಂದ ಕೊಲೆಗಳು ಬಹುಮಟ್ಟಿಗೆ ನಿಂತವು. ಅದೇನೂ ಸಣ್ಣ ಕೆಲಸವಲ್ಲ. ಆದರೆ ಅಷ್ಟರಲ್ಲಿ ಸತ್ತುಹೋಗಿದ್ದವರ ವಿಷಯದಲ್ಲಿ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಸರಿಯಾದ ದಾರಿ ಇರಲಿಲ್ಲ. ಯಾರು ಕೊಂದರು, ಯಾಕೆ ಕೊಂದರು, ಹೆಣ ಎಲ್ಲಿದೆ ಎಂದು ಕೇಳಿಕೊಂಡು ಒಂದೊಂದು ಕುಟುಂಬವೂ ತನ್ನ ಪಾಡಿಗೆ ತಾನು ಅಲೆಯಬೇಕಾಯಿತು. ಅನೇಕರು ಇನ್ನೂ ಅಲೆಯುತ್ತಿದ್ದಾರೆ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಉತ್ತರದ ಆರು ಕೌಂಟಿಗಳು ಬ್ರಿಟನ್ ಜೊತೆ ಉಳಿದವು. ಅಲ್ಲಿ ಪ್ರಾಟೆಸ್ಟೆಂಟರದೇ ಬಹುಮತ. ಮನೆ, ಕೆಲಸ, ಮತದಾನ ಎಲ್ಲದರಲ್ಲೂ ಕ್ಯಾಥೊಲಿಕರಿಗೆ ತಾರತಮ್ಯವಿತ್ತು. 1960ರ ದಶಕದ ಕೊನೆಯಲ್ಲಿ ಸಮಾನ ಹಕ್ಕಿಗಾಗಿ ಶುರುವಾದ ಚಳವಳಿ ಗಲಭೆಗೆ ತಿರುಗಿತು. 1969ರಲ್ಲಿ ಬ್ರಿಟಿಷ್ ಸೇನೆ ಬೀದಿಗಿಳಿಯಿತು. ಒಂದು ಕಡೆ ಐರ್ಲೆಂಡ್ ಒಂದಾಗಬೇಕೆನ್ನುವ, ಹೆಚ್ಚಾಗಿ ಕ್ಯಾಥೊಲಿಕರಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಎಂಬ ಸಶಸ್ತ್ರ ಗುಂಪು, ಇನ್ನೊಂದು ಕಡೆ ಬ್ರಿಟನ್ನಿಗೆ ನಿಷ್ಠರಾದ, ಹೆಚ್ಚಾಗಿ ಪ್ರಾಟೆಸ್ಟೆಂಟರಿದ್ದ ಯುವಿಎಫ್, ಯುಡಿಎ ಎಂಬ ಸಶಸ್ತ್ರ ಗುಂಪುಗಳು. ನಮ್ಮಲ್ಲಿ ಅನೇಕರು ಇದನ್ನು ಧರ್ಮದ ಹೆಸರಿನ ಜಗಳ ಅಂದುಕೊಂಡಿದ್ದಾರೆ. ನಿಜವಾಗಿ ಜಗಳವಿದ್ದದ್ದು ಆ ನೆಲ ಯಾವ ದೇಶಕ್ಕೆ ಸೇರಬೇಕು ಎಂಬುದರ ಮೇಲೆ.

ಸುಮಾರು 15 ಲಕ್ಷ ಜನರಿದ್ದ ಪುಟ್ಟ ಪ್ರದೇಶ ಅದು. ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಮಾನ್ಯ ನಾಗರಿಕರು. ಗಾಯಗೊಂಡವರು 40 ಸಾವಿರಕ್ಕೂ ಹೆಚ್ಚು. ಒಟ್ಟು ಸಾವುಗಳಲ್ಲಿ ಶೇ. 60ರಷ್ಟಕ್ಕೆ ಐಆರ್‌ಎಯಂಥ ಗುಂಪುಗಳು, ಶೇ. 30ರಷ್ಟಕ್ಕೆ ಬ್ರಿಟನ್ ಪರ ಗುಂಪುಗಳು, ಶೇ. 10ರಷ್ಟಕ್ಕೆ ಸೇನೆ ಮತ್ತು ಪೊಲೀಸರು ಕಾರಣ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ.

ಈ ಲೆಕ್ಕದಲ್ಲಿ ಕಾಣಿಸದ ನೋವು ಬಹಳವಿದೆ. 1987ರ ನವೆಂಬರ್ 8ರಂದು ಎನಿಸ್ಕಿಲನ್ ಊರಿನಲ್ಲಿ ಮಹಾಯುದ್ಧಗಳಲ್ಲಿ ಮಡಿದವರನ್ನು ನೆನೆಯಲು ಜನ ಸೇರಿದ್ದರು. ಐಆರ್‌ಎ ಇಟ್ಟಿದ್ದ ಬಾಂಬ್ ಸಿಡಿದು 11 ಜನ ಸತ್ತರು. ಅಲ್ಲಿದ್ದ ಶಾಲೆಯ ಹೆಡ್‌ಮಾಸ್ಟರ್ ಒಬ್ಬರು ಕೋಮಾಕ್ಕೆ ಹೋದರು. ಹೆಂಡತಿ ಅವರನ್ನು 13 ವರ್ಷ ನೋಡಿಕೊಂಡರು. 1998ರ ಒಪ್ಪಂದಕ್ಕೆ ಸಹಿ ಬಿದ್ದಾಗಲೂ ಅವರಿಗೆ ಎಚ್ಚರವಿರಲಿಲ್ಲ. 2000ದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಮನೆಯವರ ಪಾಲಿಗೆ ಸಂಘರ್ಷ ಯಾವ ವರ್ಷ ಮುಗಿಯಿತು ಅಂತ ಹೇಳುವುದು?

ನನ್ನನ್ನು ಅತಿ ಹೆಚ್ಚು ಕಾಡುವುದು ಕಾಣೆಯಾದವರ ಕಥೆ. ಐಆರ್‌ಎ ಮತ್ತು ಅಂಥ ಗುಂಪುಗಳು ಕೆಲವರನ್ನು ಎತ್ತಿಕೊಂಡು ಹೋಗಿ, ಕೊಂದು, ಗುಟ್ಟಾಗಿ ಹೂತುಹಾಕಿದವು. ಜೀನ್ ಮೆಕಾನ್ವಿಲ್ ಹತ್ತು ಮಕ್ಕಳ ತಾಯಿ. ಹುಟ್ಟಿದ್ದು ಪ್ರಾಟೆಸ್ಟೆಂಟ್ ಮನೆಯಲ್ಲಿ, ಮದುವೆಯಾಗಿದ್ದು ಕ್ಯಾಥೊಲಿಕ್ ಗಂಡನನ್ನು. 1972ರಲ್ಲಿ ಗಂಡ ಕ್ಯಾನ್ಸರ್‌ನಿಂದ ಸತ್ತ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಲ್‌ಫಾಸ್ಟ್‌ನ ಡಿವಿಸ್ ಫ್ಲಾಟ್ಸ್‌ಗೆ ಒಂದು ಗುಂಪು ನುಗ್ಗಿ, ಮಕ್ಕಳ ಎದುರೇ ಆಕೆಯನ್ನು ಎಳೆದುಕೊಂಡು ಹೋಯಿತು. ಆಕೆ ಸೇನೆಗೆ ಮಾಹಿತಿ ಕೊಡುತ್ತಿದ್ದಳು ಎಂಬುದು ಐಆರ್‌ಎ ಆರೋಪ. ಅದಕ್ಕೆ ಯಾವ ಸಾಕ್ಷಿಯೂ ಸಿಗಲಿಲ್ಲ ಎಂದು ಅಲ್ಲಿನ ಪೊಲೀಸ್ ಓಂಬುಡ್ಸ್‌ಮನ್ (ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿ) 2006ರಲ್ಲಿ ಹೇಳಿದರು. ಮಕ್ಕಳನ್ನು ಬೇರೆ ಬೇರೆ ಅನಾಥಾಲಯಗಳಿಗೆ ಹಂಚಿಬಿಟ್ಟರು. ಆಗ 11 ವರ್ಷದವನಾಗಿದ್ದ ಒಬ್ಬ ಮಗ ಬಂದವರಲ್ಲಿ ಕೆಲವರ ಗುರುತು ಹಿಡಿದಿದ್ದ. ಅವರು ಅಕ್ಕಪಕ್ಕದವರೇ. ಜೀವಭಯದಿಂದ ಹೆಸರು ಬಾಯಿಬಿಡದೆ ಬೆಳೆದ. ತಾಯಿಯ ಅವಶೇಷ ಸಿಕ್ಕಿದ್ದು 2003ರ ಆಗಸ್ಟ್‌ನಲ್ಲಿ, ಗಡಿಯಾಚೆಯ ಲೌತ್ ಕೌಂಟಿಯ ಸಮುದ್ರ ತೀರದಲ್ಲಿ.

ಇಂಥವರನ್ನು ಹುಡುಕಲೆಂದೇ 1999ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ಒಂದು ಆಯೋಗ ಮಾಡಿದವು. ಪಟ್ಟಿಯಲ್ಲಿರುವ 17 ಜನರಲ್ಲಿ 13 ಜನರ ಅವಶೇಷಗಳು ಸಿಕ್ಕಿವೆ. ಆಯೋಗದ ನಿಯಮ ಹೇಗಿದೆ ನೋಡಿ. ಹೆಣ ಹೂತ ಜಾಗ ತಿಳಿಸಿದವರ ಗುಟ್ಟು ಬಯಲಾಗುವುದಿಲ್ಲ, ಆ ಮಾಹಿತಿಯನ್ನು ಕೋರ್ಟಿನಲ್ಲಿ ಅವರ ವಿರುದ್ಧ ಬಳಸುವಂತಿಲ್ಲ. ಮಣ್ಣು ಮಾಡಲು ಮೂಳೆಯಾದರೂ ಸಿಗಲಿ ಎಂದು ಕುಟುಂಬಗಳು ಇದನ್ನು ನುಂಗಿಕೊಂಡವು. 1975ರಲ್ಲಿ ಕಾಣೆಯಾದ, ಟೈರೋನ್ ಕೌಂಟಿಯ 19 ವರ್ಷದ ಹುಡುಗನಿಗಾಗಿ ಮೊನಹನ್‌ನ ಜೌಗು ನೆಲವನ್ನು ಮತ್ತೆ ಮತ್ತೆ ಅಗೆದಿದ್ದಾರೆ. ಅವನ ತಾಯಿ ಕಾಯುತ್ತಲೇ 2007ರಲ್ಲಿ ತೀರಿಕೊಂಡರು.

ಸರ್ಕಾರವೇ ಕೊಂದ ಕಡೆ ನೋವು ಬೇರೆ ರೀತಿಯದು. ಸತ್ತವರ ಮೇಲೆ ಕಳಂಕವೂ ಬಿತ್ತು. 1972ರ ಜನವರಿ 30ರಂದು ಡೆರ್ರಿಯಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದರು. 13 ಜನ ಅಂದೇ ಸತ್ತರು, ಇನ್ನೊಬ್ಬರು ಆಮೇಲೆ. ಮೊದಲ ತನಿಖೆ ಸೈನಿಕರ ಪರ ನಿಂತಿತು. ಸತ್ತವರು ನಿರಪರಾಧಿಗಳು ಎಂದು ಒಪ್ಪಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಕ್ಷಮೆ ಕೇಳಿದ್ದು 2010ರಲ್ಲಿ. ಅಂದರೆ 38 ವರ್ಷದ ಮೇಲೆ. ವಿಚಾರಣೆ ಎದುರಿಸಿದ ಒಬ್ಬನೇ ಒಬ್ಬ ಸೈನಿಕ 2025ರ ಅಕ್ಟೋಬರ್‌ನಲ್ಲಿ ಸಾಕ್ಷ್ಯ ಸಾಲದೆ ಖುಲಾಸೆಯಾದ. ಬೆಲ್‌ಫಾಸ್ಟ್‌ನ ಬಾಲಿಮರ್ಫಿ ಬಡಾವಣೆಯಲ್ಲಿ 1971ರಲ್ಲಿ ಸೇನೆಯ ಕಾರ್ಯಾಚರಣೆಯ ವೇಳೆ ಸತ್ತ ಹತ್ತು ಜನರೂ ಯಾವ ತಪ್ಪೂ ಮಾಡಿರಲಿಲ್ಲ ಎಂದು ಕೋರ್ಟ್ ಹೇಳಿದ್ದು 2021ರಲ್ಲಿ. ಮಗನನ್ನು ಭಯೋತ್ಪಾದಕ ಅಂದದ್ದನ್ನು ಕೇಳಿಸಿಕೊಂಡೇ ಕಣ್ಣುಮುಚ್ಚಿದ ತಂದೆತಾಯಿಗಳಿಗೆ ಈ ತೀರ್ಪು ತಲುಪಲೇ ಇಲ್ಲ.

ಒಪ್ಪಂದದ ಪ್ರಕಾರ ಎರಡು ವರ್ಷದಲ್ಲಿ 400ಕ್ಕೂ ಹೆಚ್ಚು ಕೈದಿಗಳು ಬಿಡುಗಡೆಯಾದರು. ಶಾಂತಿಗೆ ಅದು ಬೇಕಿತ್ತು ಅಂತಲೇ ನಾನೂ ನಂಬುತ್ತೇನೆ. ಆದರೆ ಕೊಂದವರಿಗೆ ತಾರೀಖು ಹಾಕಿ ದಾರಿ ಮಾಡಿಕೊಟ್ಟ ಹಾಗೆ ಕಳೆದುಕೊಂಡವರಿಗೆ ಯಾರೂ ಮಾಡಿಕೊಡಲಿಲ್ಲ. ಕೈಕಾಲು, ಕಣ್ಣು ಕಳೆದುಕೊಂಡವರಿಗೆ ಪಿಂಚಣಿ ಅರ್ಜಿ ತೆರೆದದ್ದೇ 2021ರಲ್ಲಿ. ಆಗ ಅದು ವರ್ಷಕ್ಕೆ 2,000ದಿಂದ 10,000 ಪೌಂಡ್. ತಡವಾಗಲು ಒಂದು ಮುಖ್ಯ ಕಾರಣ, ಬಾಂಬ್ ಇಡಲು ಹೋಗಿ ತಾನೇ ಗಾಯಗೊಂಡವನನ್ನೂ ಸಂತ್ರಸ್ತ ಅನ್ನಬೇಕಾ ಎಂಬ ರಾಜಕೀಯ ಜಗಳ. ಆ ಜಗಳ ಮುಗಿಯುವ ಮೊದಲೇ ಕೆಲವರು ತೀರಿಕೊಂಡಿದ್ದರು.

ಆಗಿನ್ನೂ ಹುಟ್ಟೇ ಇರದವರಿಗೂ ಇದರ ಬಿಸಿ ತಟ್ಟಿದೆ. ಸಂಘರ್ಷಕ್ಕೆ ಸಂಬಂಧಿಸಿದ ಆಘಾತವನ್ನು ಸುಮಾರು ಶೇ. 39ರಷ್ಟು ವಯಸ್ಕರು ಅನುಭವಿಸಿದ್ದಾರೆ ಎಂದು ಅಲ್ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ನಿದ್ದೆ ಬಾರದ ಅಪ್ಪ, ಬಾಗಿಲು ಬಡಿದರೆ ಬೆಚ್ಚುವ ಅಮ್ಮ ಇರುವ ಮನೆಯಲ್ಲಿ ಮಕ್ಕಳು ಸುಮ್ನೆ ಬೆಳೆಯುವುದಿಲ್ಲ. 1998ರ ನಂತರ ಅಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಸಂಖ್ಯೆ ಸಂಘರ್ಷದಲ್ಲಿ ಸತ್ತವರ ಸಂಖ್ಯೆಯನ್ನು ಮೀರಿದೆ. ಬಡತನ, ಕುಡಿತ, ಒಂಟಿತನವೂ ಕಾರಣ ಇರಬಹುದು, ಎಲ್ಲವನ್ನೂ ಸಂಘರ್ಷದ ತಲೆಗೆ ಕಟ್ಟಲಾಗದು. ಆದರೆ ಅತಿ ಹೆಚ್ಚು ರಕ್ತ ಹರಿದ ಉತ್ತರ ಮತ್ತು ಪಶ್ಚಿಮ ಬೆಲ್‌ಫಾಸ್ಟ್‌ನ ಬಡ ಬೀದಿಗಳಲ್ಲೇ ಈ ಕಷ್ಟವೂ ಜಾಸ್ತಿ. ತನ್ನದೇ ಪೀಳಿಗೆಯ ಈ ಆತ್ಮಹತ್ಯೆಗಳ ಬಗ್ಗೆ ಬರೆದ ಪತ್ರಕರ್ತೆ ಲೈರಾ ಮೆಕ್ಕೀ 1990ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವಳು. 2019ರ ಏಪ್ರಿಲ್ 18ರಂದು ಡೆರ್ರಿಯಲ್ಲಿ ಗಲಭೆಯನ್ನು ನೋಡುತ್ತ ನಿಂತಿದ್ದಾಗ, ಶಾಂತಿ ಒಪ್ಪಂದವನ್ನು ಒಪ್ಪದ ನ್ಯೂ ಐಆರ್‌ಎ ಎಂಬ ಗುಂಪಿನವನೊಬ್ಬ ಹಾರಿಸಿದ ಗುಂಡು ತಗುಲಿ ಸತ್ತಳು. ಆಗ ಅವಳಿಗೆ 29.

ಎರಡು ಸಮುದಾಯಗಳ ಬಡಾವಣೆಗಳ ನಡುವೆ ಕಟ್ಟಿದ್ದ ಗೋಡೆಗಳನ್ನು 2023ರೊಳಗೆ ಕೆಡವುತ್ತೇವೆ ಎಂದು ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಬಹುಪಾಲು ಇನ್ನೂ ನಿಂತಿವೆ. ಹೆಚ್ಚಿನ ಮಕ್ಕಳು ಈಗಲೂ ಬೇರೆ ಬೇರೆ ಶಾಲೆಗೇ ಹೋಗುತ್ತಾರೆ.

ಮರೆತುಬಿಡಿ ಎನ್ನುವ ಮಾತನ್ನು ಬ್ರಿಟಿಷ್ ಸರ್ಕಾರ ಕಾನೂನಿನಲ್ಲೇ ಬರೆಯಲು ನೋಡಿತು. 2023ರ ಕಾಯ್ದೆ ಹಳೇ ಸಾವುಗಳ ಹೊಸ ವಿಚಾರಣೆಗಳನ್ನು ಮುಚ್ಚಿ, ಬಾಯಿಬಿಟ್ಟವರಿಗೆ ಶಿಕ್ಷೆಯಿಂದ ವಿನಾಯಿತಿ ಕೊಡಹೊರಟಿತು. ಉತ್ತರ ಐರ್ಲೆಂಡ್‌ನ ಮುಖ್ಯ ಪಕ್ಷಗಳೆಲ್ಲ, ಎರಡೂ ಕಡೆಯವು, ಒಟ್ಟಾಗಿ ವಿರೋಧಿಸಿದವು. ಸಂತ್ರಸ್ತರ ಮನೆಯವರು ಕೋರ್ಟಿಗೆ ಹೋದರು. ವಿನಾಯಿತಿ ಕೊಡುವುದು ಮಾನವ ಹಕ್ಕುಗಳಿಗೆ ವಿರುದ್ಧ ಎಂದು ಬೆಲ್‌ಫಾಸ್ಟ್ ಹೈಕೋರ್ಟ್ 2024ರಲ್ಲಿ ಹೇಳಿತು. 2025ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಹೊಸ ವ್ಯವಸ್ಥೆಯೊಂದಕ್ಕೆ ಒಪ್ಪಿ, ಲಂಡನ್ನಿನ ಸಂಸತ್ತಿನಲ್ಲಿ ಮಸೂದೆಯೂ ಮಂಡನೆಯಾಯಿತು. ಸಾವಿರಕ್ಕೂ ಹೆಚ್ಚು ಕೊಲೆಗಳಲ್ಲಿ ಕೊಂದವರಾರೆಂದು ಇನ್ನೂ ತೀರ್ಮಾನವಾಗಿಲ್ಲ. ಆ ಕೊಲೆಗಳನ್ನು ಕಣ್ಣಾರೆ ಕಂಡವರಲ್ಲಿ ಅನೇಕರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ.