ಸಬ್ಬತ್: ಏಳನೇ ದಿನದ ಬಿಡುವು ಯಾರಿಗೆ?

ಯೆಹೂದಿಗಳ ಸಬ್ಬತ್ ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ. ಕೆಲಸ ಮಾಡಬಾರದ ಆ ಹೊತ್ತಿನಲ್ಲಿ ದೀಪ ಹಾಕಬಹುದಾ, ಲಿಫ್ಟ್ ಗುಂಡಿ ಒತ್ತಬಹುದಾ ಅನ್ನುವ ಚರ್ಚೆಯೇ ಹೊರಗಿನವರ ಕಿವಿಗೆ ಬೀಳುವುದು ಜಾಸ್ತಿ. ಅವರ ಶಾಸ್ತ್ರ, ಅಂದರೆ ಬೈಬಲಿನ ಹಳೆ ಒಡಂಬಡಿಕೆ, ತೆರೆದರೆ ಬೇರೆಯೇ ಮಾತು ಕಾಣುತ್ತದೆ.

ದೇವರು ಕೊಟ್ಟನೆನ್ನುವ ಹತ್ತು ಆಜ್ಞೆಗಳು ಅಲ್ಲಿ ಎರಡು ಸಲ ಬರುತ್ತವೆ. ಎರಡೂ ಕಡೆ ಸಬ್ಬತ್‌ಗೆ ಕೊಟ್ಟ ಕಾರಣ ಬೇರೆ ಬೇರೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನದಲ್ಲಿ ಲೋಕವನ್ನು ಉಂಟುಮಾಡಿ ಏಳನೇ ದಿನ ವಿಶ್ರಮಿಸಿದ, ಅದಕ್ಕೆ. ಧರ್ಮೋಪದೇಶಕಾಂಡದಲ್ಲಿ, ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ಅದಕ್ಕೆ. ನಿಮ್ಮ ಹಾಗೇ ನಿಮ್ಮ ಆಳುಕಾಳುಗಳೂ ದಣಿವಾರಿಸಿಕೊಳ್ಳಲಿ ಎಂದು ಅಲ್ಲಿ ಬಿಡಿಸಿ ಹೇಳಿದೆ. ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಉಳುಮೆ, ಕೊಯ್ಲಿನ ಕಾಲದಲ್ಲೂ ವಿನಾಯಿತಿ ಇಲ್ಲ. ಪೈರು ಕೊಯ್ಲಿಗೆ ಬಂದಾಗ ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ರೈತರನ್ನು ಕೇಳಬೇಕು!

ವ್ಯಾಪಾರಿಗಳಿಗೂ ಇದು ಒಗ್ಗಲಿಲ್ಲ. ಸಬ್ಬತ್ ಯಾವಾಗ ಮುಗಿದೀತು, ಅಳತೆ ಕಿರಿದು ಮಾಡಿ ಗೋಧಿ ಯಾವಾಗ ಮಾರೋಣ ಎಂದು ಕಾಯುತ್ತಿದ್ದವರನ್ನು ಕ್ರಿ.ಪೂ. 8ನೇ ಶತಮಾನದಲ್ಲೇ ಪ್ರವಾದಿ ಆಮೋಸ ಬೈದಿದ್ದ.

ಕ್ರಿ.ಪೂ. 586ರ ಸುಮಾರಿಗೆ ಜೆರುಸಲೇಮ್ ಬಿತ್ತು, ದೇವಾಲಯ ಸುಟ್ಟಿತು, ಜನ ಬಾಬಿಲೋನಿಗೆ ಸೆರೆ ಹೋದರು, ಕೆಲವರು ವಾಪಸ್ ಬಂದರು. ನಿಜವಾದ ಜಟಾಪಟಿ ಶುರುವಾದದ್ದು ಆಮೇಲೆ. ಕ್ರಿ.ಪೂ. 5ನೇ ಶತಮಾನದಲ್ಲಿ ಪರ್ಷಿಯಾದ ಅರಸನ ಕಡೆಯಿಂದ ಅಧಿಕಾರಿಯಾಗಿ ಬಂದ ನೆಹೆಮೀಯ ಕಂಡದ್ದೇನು? ಸಬ್ಬತ್ ದಿನವೇ ದ್ರಾಕ್ಷಿ ತುಳಿಯುತ್ತಿದ್ದರು. ಕತ್ತೆಗಳ ಮೇಲೆ ಧಾನ್ಯ, ಅಂಜೂರ ಹೇರಿ ಪಟ್ಟಣಕ್ಕೆ ತರುತ್ತಿದ್ದರು. ತೂರ್ ಪಟ್ಟಣದವರು ಮೀನು ಮಾರುತ್ತಿದ್ದರು. ಅವನು ದೊಡ್ಡ ಮನುಷ್ಯರನ್ನು ಕರೆದು ತರಾಟೆಗೆ ತೆಗೆದುಕೊಂಡ. ಮುಸ್ಸಂಜೆಗೇ ಪಟ್ಟಣದ ಬಾಗಿಲು ಹಾಕಿಸಿದ. ವ್ಯಾಪಾರಿಗಳು ಒಂದೆರಡು ಸಲ ಗೋಡೆಯಾಚೆಯೇ ರಾತ್ರಿ ಕಳೆದರು. ಮತ್ತೆ ಬಂದರೆ ಕೈ ಮಾಡಬೇಕಾಗುತ್ತದೆ ಎಂದು ಗದರಿದ ಮೇಲೆ ಬರುವುದು ನಿಂತಿತು. ಅಂದಹಾಗೆ, ಬಾಗಿಲು ಕಾಯುವ ಕೆಲಸ ಬಿದ್ದದ್ದು ಅವನ ಆಳುಗಳಿಗೇ. ಆಳುಗಳಿಗೆ ಬಿಡುವು ಅಂದ ದಿನ ಅದು, ಅಲ್ವಾ?

ಎಲ್ಲ ಕಡೆ ಇಷ್ಟು ಬಿಗಿ ಇರಲಿಲ್ಲ. ಅದೇ ಶತಮಾನದಲ್ಲಿ ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲೂ ಯೆಹೂದಿಗಳಿದ್ದರು. ಸಬ್ಬತ್ ದಿನವೇ ದೋಣಿಯ ಹತ್ತಿರ ಹೋಗಿ ತರಕಾರಿ ಇಳಿಸಿಕೋ ಎಂದು ಮಡಕೆ ಚೂರಿನ ಮೇಲೆ ಬರೆದ ಚೀಟಿ ಅಲ್ಲಿ ಸಿಕ್ಕಿದೆ.

ಮುಂದಿನ ಶತಮಾನಗಳು ಯಾವುದು ಕೆಲಸ, ಯಾವುದು ಅಲ್ಲ ಅನ್ನುವುದರಲ್ಲೇ ಕಳೆದವು. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದಿ ನಿಯಮಗಳ ಸಂಗ್ರಹ ಮಿಷ್ನಾ, ಸಬ್ಬತ್ ದಿನ ಮಾಡಬಾರದ 39 ಬಗೆಯ ಕೆಲಸಗಳನ್ನು ಹೆಸರಿಸುತ್ತದೆ. ಪ್ರಾಣ ಉಳಿಸಲು ನಿಯಮ ಮೀರಬಹುದು ಎಂದು ರಬ್ಬಿಗಳು (ಯೆಹೂದಿ ಧರ್ಮಗುರುಗಳು) ಒಪ್ಪಿದರು, ನಿಜ. ಆದರೆ ಪಟ್ಟಿ ಬೆಳೆದಂತೆ ಆಳಿನ ದಣಿವಿನ ಮಾತು ಹಿಂದೆ ಸರಿಯಿತು. ಅದು ಮತ್ತೆ ನೇರವಾಗಿ ಕಾಣುವುದು ಇಸ್ರೇಲಿನ 1951ರ ಕಾರ್ಮಿಕ ಕಾನೂನಿನಲ್ಲಿ: ವಾರಕ್ಕೆ ಕನಿಷ್ಠ 36 ಗಂಟೆ ಸತತ ಬಿಡುವು. ಯೆಹೂದಿಗಳಿಗೆ ಸಬ್ಬತ್ ಸೇರಿದ ಬಿಡುವು, ಉಳಿದವರಿಗೆ ಶುಕ್ರವಾರ, ಶನಿವಾರ, ಭಾನುವಾರಗಳಲ್ಲಿ ಅವರವರ ರೂಢಿಯ ದಿನ.