ಒರೆಗಾನ್‌ನಲ್ಲಿ ಆರು ಸಲ ಕೇಳಿದ ಪ್ರಶ್ನೆ

1912ರ ನವೆಂಬರ್‌ ಚುನಾವಣೆಯಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಮತದಾರರ ಮುಂದೆ 37 ಪ್ರಶ್ನೆಗಳಿದ್ದವು. ಒಂದೊಂದಕ್ಕೂ ಹೌದು ಅಥವಾ ಬೇಡ ಎಂದು ಗುರುತು ಹಾಕಬೇಕಿತ್ತು. ಅದರಲ್ಲೊಂದು ಪ್ರಶ್ನೆ ಅವರಿಗೆ ಚೆನ್ನಾಗಿ ಪರಿಚಯವಿದ್ದದ್ದೇ: ಮಹಿಳೆಯರಿಗೂ ಮತದಾನದ ಹಕ್ಕು ಕೊಡಬೇಕೇ? 1884ರಿಂದ ಐದು ಸಲ ಕೇಳಿಯಾಗಿತ್ತು, ಐದು ಸಲವೂ ಬೇಡ ಎಂದಿದ್ದರು. ಉತ್ತರ ಕೊಡುತ್ತಿದ್ದವರೆಲ್ಲ ಗಂಡಸರೇ ಅಲ್ವಾ?

ಮೊದಲ ಎರಡು ಸಲ, ಅಂದರೆ 1884 ಮತ್ತು 1900ರಲ್ಲಿ, ಪ್ರಶ್ನೆ ಶಾಸನಸಭೆಯ ಮೂಲಕ ಬಂದಿತ್ತು. ಆ ದಾರಿ ತುಂಬಾ ನಿಧಾನ. 1902ರಲ್ಲಿ ದಾರಿಯೇ ಬದಲಾಯಿತು. ರಾಜಕೀಯ ಸುಧಾರಕ ವಿಲಿಯಂ ಯುರೆನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಓಡಾಡಿ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ತಂದರು. ಸಾಕಷ್ಟು ಮತದಾರರ ಸಹಿ ಇದ್ದರೆ, ಜನರೇ ನೇರವಾಗಿ ಕಾನೂನನ್ನು ಮತಕ್ಕೆ ಹಾಕಬಹುದು. ಪರವಾಗಿ 62,024 ಮತ ಬಿತ್ತು, ವಿರೋಧವಾಗಿ ಬರೀ 5,668.

ಮಹಿಳೆಯರ ಪರವಾಗಿದ್ದವರು ಈ ದಾರಿಯನ್ನು ಬಿಡಲಿಲ್ಲ. 1906, 1908, 1910ರಲ್ಲಿ ಸಹಿ ಕೂಡಿಸಿ ಮತ್ತೆ ಮತ್ತೆ ಕೇಳಿದರು. ಗೆಲ್ಲುವ ಬದಲು ಸೋಲು ದೊಡ್ಡದಾಗುತ್ತಾ ಹೋಯಿತು. 1906ರಲ್ಲಿ ಬೇಡ ಎಂದವರು ಸುಮಾರು 47,000, 1910ರಲ್ಲಿ ಸುಮಾರು 59,000. ಹೆಂಗಸರು ಮತ ಹಾಕಿದರೆ ಪಾನನಿಷೇಧ ಬಂದೀತೆಂದು ಮದ್ಯದ ವ್ಯಾಪಾರಿಗಳಿಗೆ ಭಯ. ಆದರೆ ಚಳವಳಿಯ ಹಿರಿಯ ನಾಯಕಿ ಅಬಿಗೈಲ್ ಸ್ಕಾಟ್ ಡನಿವೇ ಪಾನನಿಷೇಧವನ್ನೇ ಒಪ್ಪಿರಲಿಲ್ಲ! ಇನ್ನೊಂದು ನೋವಿನ ಸಂಗತಿ: ಪ್ರಭಾವಿ 'ಒರೆಗೋನಿಯನ್' ಪತ್ರಿಕೆಯ ಸಂಪಾದಕ ಹಾರ್ವೆ ಸ್ಕಾಟ್, ಡನಿವೇ ಅವರ ಸ್ವಂತ ತಮ್ಮ. ಆತ ಈ ಹಕ್ಕಿಗೆ ವಿರೋಧ.

1912ರ ಹೊತ್ತಿಗೆ ಗಾಳಿ ತಿರುಗಿತ್ತು. ಪಕ್ಕದ ವಾಷಿಂಗ್ಟನ್ ರಾಜ್ಯ 1910ರಲ್ಲಿ, ಕ್ಯಾಲಿಫೋರ್ನಿಯಾ 1911ರಲ್ಲಿ ಒಪ್ಪಿದ್ದವು. ಡನಿವೇಗೆ 78 ವರ್ಷ, ಆರೋಗ್ಯ ಕೆಟ್ಟಿತ್ತು. ಪೋರ್ಟ್‌ಲ್ಯಾಂಡ್‌ನ ವೈದ್ಯೆ ಎಸ್ತರ್ ಪೋಲ್ ಮುಂತಾದವರು ಪ್ರಚಾರದ ಭಾರ ಹೊತ್ತರು. ಕಪ್ಪು ಮಹಿಳೆಯರ ನಡುವೆ ಹ್ಯಾಟಿ ರೆಡ್ಮಂಡ್ ದುಡಿದರು. ಆರನೇ ಸಲ ಕೇಳಿದಾಗ 61,265 ಜನ ಹೌದು ಎಂದರು, 57,104 ಜನ ಬೇಡ ಎಂದರು. ಅಂತರ ಸುಮಾರು 4,000 ಅಷ್ಟೇ.

ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿತೆಂಬ ಅಧಿಕೃತ ಘೋಷಣೆಯನ್ನು ಬರೆಯುವಂತೆ ಗವರ್ನರ್ ಓಸ್ವಾಲ್ಡ್ ವೆಸ್ಟ್ ಡನಿವೇ ಅವರನ್ನೇ ಕೇಳಿಕೊಂಡರು. ನಲವತ್ತು ವರ್ಷ ಇದಕ್ಕಾಗಿ ಹೋರಾಡಿದವರು ತಮ್ಮ ಕೈಯಾರೆ ಅದನ್ನು ಬರೆದು ಸಹಿ ಹಾಕಿದರು. ಆದರೆ ಚೀನಾದಿಂದ ಬಂದ ಮಹಿಳೆಯರಿಗೆ, ಪೌರತ್ವವಿಲ್ಲದ ಮೂಲನಿವಾಸಿ ಮಹಿಳೆಯರಿಗೆ ಆ ಮತಪೆಟ್ಟಿಗೆ ಇನ್ನೂ ದೂರವೇ ಇತ್ತು.