ಅಧ್ಯಕ್ಷ ಪದವಿಗೆ ನಿಲ್ಲುವ ಸೆನೆಟರ್ ಇದ್ದ ಸೀಟು ಬಿಡಬೇಕೇ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಸಂಸತ್ ಸದಸ್ಯರು ತಿಂಗಳುಗಟ್ಟಲೆ ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲೇ ಇರುತ್ತಾರೆ. ಸದನದ ಕಡೆ ತಲೆ ಹಾಕುವುದಿಲ್ಲ, ಸಂಬಳ ಮಾತ್ರ ತಪ್ಪುವುದಿಲ್ಲ. ಸ್ಪರ್ಧೆಗಿಳಿಯುವ ಮೊದಲು ರಾಜೀನಾಮೆ ಕೊಡಬೇಕೆಂಬ ಕಾನೂನು ಅಲ್ಲಿಲ್ಲವೇ? ಇರಬೇಡವೇ?

ಉತ್ತರ: ಅಂಥ ಕಾನೂನು ಇಲ್ಲ. ಅಲ್ಲಿನ ಸಂವಿಧಾನದ ಮೊದಲ ವಿಧಿಯ ಆರನೇ ಸೆಕ್ಷನ್ ಹೇಳುವುದು ಇಷ್ಟೇ: ಕೇಂದ್ರ ಸರ್ಕಾರದ ಹುದ್ದೆಯಲ್ಲಿ ಇರುವಷ್ಟು ದಿನ ಸಂಸತ್ತಿನ ಯಾವ ಸದನದಲ್ಲೂ ಸದಸ್ಯರಾಗಿರುವಂತಿಲ್ಲ. ಹುದ್ದೆ ಸಿಗುವುದು ಜನವರಿ 20ರ ಮಧ್ಯಾಹ್ನ 12ಕ್ಕೆ. ಅದಕ್ಕೆ ಮೊದಲು ಸೀಟು ಬಿಟ್ಟಿದ್ದರೆ ಸಾಕು. ಬರಾಕ್ ಒಬಾಮ 2008ರ ನವೆಂಬರ್ 4ರಂದು ಗೆದ್ದು, 16ರಂದು ಸೆನೆಟ್ (ಸಂಸತ್ತಿನ ಮೇಲ್ಮನೆ) ಬಿಟ್ಟರು. ಉಪಾಧ್ಯಕ್ಷರಾಗಿ ಗೆದ್ದ ಜೋ ಬೈಡನ್ ಅದೇ ನವೆಂಬರ್ 4ರಂದು ಡೆಲವೇರ್‌ನಿಂದ ಸೆನೆಟ್‌ಗೂ ಗೆದ್ದಿದ್ದರು. ಅವರು ಜನವರಿಯಲ್ಲಿ ಏಳನೇ ಅವಧಿಗೆ ಸೆನೆಟರ್ ಎಂದು ಪ್ರಮಾಣ ಮಾಡಿ, 15ಕ್ಕೆ ರಾಜೀನಾಮೆ ಕೊಟ್ಟು, 20ಕ್ಕೆ ಉಪಾಧ್ಯಕ್ಷರಾಗಿ ಇನ್ನೊಂದು ಪ್ರಮಾಣ ಮಾಡಿದರು. ಎರಡು ವಾರದಲ್ಲಿ ಎರಡು ಪ್ರಮಾಣವಚನ!

ಅರಿಜೋನ, ಹವಾಯಿ, ಫ್ಲಾರಿಡದಂಥ ಕೆಲವು ರಾಜ್ಯಗಳಲ್ಲಿ ‘ಸ್ಪರ್ಧಿಸಬೇಕಾದರೆ ಮೊದಲು ಬಿಡು’ ಎಂಬ ನಿಯಮ ಇದೆ ಎಂದು ನೀವು ಓದಿರಬಹುದು. ಅದು ಇರುವುದು ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಗಳ ಹುದ್ದೆಗಳಿಗೆ. ಸಂಸತ್ ಸದಸ್ಯತ್ವಕ್ಕೆ ಸಂವಿಧಾನ ಹೇಳಿದ ಅರ್ಹತೆಗಳ ಮೇಲೆ ರಾಜ್ಯಗಳು ಹೊಸದೊಂದನ್ನು ಸೇರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ, ಅರ್ಕಾನ್ಸಾದ ಅವಧಿ ಮಿತಿ ಪ್ರಕರಣದಲ್ಲಿ, 5–4 ಬಹುಮತದಿಂದ ಹೇಳಿಬಿಟ್ಟಿದೆ. ಇನ್ನು ರಾಜ್ಯದ ಹುದ್ದೆಗಳಿಗಾದರೂ ನಿಯಮ ಗಟ್ಟಿಯೇ ಎಂದರೆ, ಫ್ಲಾರಿಡವನ್ನೇ ನೋಡಿ. ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯದ ಚುನಾಯಿತ ಮುಖ್ಯಸ್ಥ) ರಾನ್ ಡಿಸ್ಯಾಂಟಿಸ್ 2023ರಲ್ಲಿ ಅಧ್ಯಕ್ಷ ಸ್ಪರ್ಧೆಗೆ ಇಳಿಯುವ ಹೊತ್ತಿಗೆ, ಅಧ್ಯಕ್ಷ–ಉಪಾಧ್ಯಕ್ಷ ಅಭ್ಯರ್ಥಿಗಳಿಗೆ ಈ ನಿಯಮ ಅನ್ವಯಿಸದು ಎಂದು ಶಾಸನಸಭೆಯೇ ತಿದ್ದುಪಡಿ ಮಾಡಿಕೊಟ್ಟಿತು.

ಎಲ್ಲ ಸದಸ್ಯರಿಗೂ ಅಪಾಯ ಒಂದೇ ಅಲ್ಲ. ಸೆನೆಟ್ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗಕ್ಕೆ ಚುನಾವಣೆ. ಆದ್ದರಿಂದ ಯಾವುದೇ ಅಧ್ಯಕ್ಷ ಚುನಾವಣೆಯ ವರ್ಷದಲ್ಲಿ ಮೂರನೇ ಎರಡು ಭಾಗ ಸೆನೆಟರ್‌ಗಳು ಸೋತರೂ ವಾಪಸ್ ಹೋಗಿ ಕೂರಬಹುದು. ಕೆಳಮನೆಯ 435 ಸದಸ್ಯರಿಗೆ ಈ ಸುಖವಿಲ್ಲ, ಅವರ ಸೀಟಿಗೆ ಪ್ರತಿ ಎರಡು ವರ್ಷಕ್ಕೂ ಚುನಾವಣೆ. ಕೆಳಮನೆಯಿಂದ ನೇರವಾಗಿ ಅಧ್ಯಕ್ಷರಾದವರು 1880ರಲ್ಲಿ ಗೆದ್ದ ಜೇಮ್ಸ್ ಗಾರ್ಫೀಲ್ಡ್ ಒಬ್ಬರೇ.

ಸೀಟಿನ ಚುನಾವಣೆಯೂ ಅದೇ ವರ್ಷ ಬಿದ್ದರೆ ಎರಡು ದೋಣಿಯಲ್ಲಿ ಕಾಲಿಡುವ ಆಟ ಶುರು. 1960ರಲ್ಲಿ ಲಿಂಡನ್ ಜಾನ್ಸನ್‌ಗೆ ಅನುಕೂಲವಾಗಲೆಂದು ಟೆಕ್ಸಸ್ ಹಿಂದಿನ ವರ್ಷವೇ ಕಾನೂನು ಬದಲಿಸಿತ್ತು. ಅವರು ಉಪಾಧ್ಯಕ್ಷ ಪದವಿ, ಸೆನೆಟ್ ಸೀಟು ಎರಡನ್ನೂ ಗೆದ್ದು ಸೀಟನ್ನು ಬಿಟ್ಟರು. 1961ರ ಉಪಚುನಾವಣೆಯಲ್ಲಿ 71 ಮಂದಿ ಕಣಕ್ಕಿಳಿದರು. ಕೊನೆಗೆ ಗೆದ್ದದ್ದು ಎದುರಾಳಿ ಪಕ್ಷದ ಜಾನ್ ಟವರ್. ಆದರೆ ಕೆಂಟಕಿಯಲ್ಲಿ ಒಂದೇ ಮತಪತ್ರದಲ್ಲಿ ಒಬ್ಬರ ಹೆಸರು ಎರಡು ಕಡೆ ಬರುವಂತಿಲ್ಲ. ಅದನ್ನು ದಾಟಲು ಸೆನೆಟರ್ ರಾಂಡ್ ಪಾಲ್ 2016ರಲ್ಲಿ ತಮ್ಮ ಪಕ್ಷವು ಅಧ್ಯಕ್ಷ ಅಭ್ಯರ್ಥಿಯ ಆಯ್ಕೆಯನ್ನು ಪ್ರತ್ಯೇಕವಾಗಿ, ಮಾರ್ಚ್ 5ರಂದೇ ನಡೆಸುವಂತೆ ಒಪ್ಪಿಸಿದರು. ಖರ್ಚಿಗೆ ಎರಡೂವರೆ ಲಕ್ಷ ಡಾಲರ್ ಕೂಡ ಕೊಟ್ಟರು. ಆ ದಿನ ಬರುವ ಹೊತ್ತಿಗೆ ಅವರೇ ಕಣದಲ್ಲಿರಲಿಲ್ಲ, ಫೆಬ್ರುವರಿಯಲ್ಲೇ ಹಿಂದೆ ಸರಿದಿದ್ದರು.

ರಾಜೀನಾಮೆ ಕಡ್ಡಾಯ ಮಾಡಿ ಎನ್ನುವವರು ಕೇಳಿಕೊಳ್ಳಬೇಕಾದದ್ದು ಒಂದಿದೆ: ಖಾಲಿಯಾದ ಕುರ್ಚಿಯಲ್ಲಿ ಕೂರುವವರು ಯಾರು? ಕೆಳಮನೆಯ ಸೀಟಿಗೆ ಉಪಚುನಾವಣೆಯೇ ಆಗಬೇಕು. ಸೆನೆಟ್ ಸೀಟಿಗೆ ಹಾಗಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಮುಂದಿನ ಚುನಾವಣೆವರೆಗೆ ಗವರ್ನರ್ ತಮಗೆ ಬೇಕಾದವರನ್ನು ನೇಮಿಸಬಹುದು. ಹೀಗಾಗಿ ಸೆನೆಟರ್ ಒಂದು ಪಕ್ಷ, ಗವರ್ನರ್ ಇನ್ನೊಂದು ಪಕ್ಷ ಆದರೆ, ರಾಜೀನಾಮೆ ಎಂದರೆ ಸೀಟನ್ನು ತಟ್ಟೆಯಲ್ಲಿಟ್ಟು ಎದುರಾಳಿಗೆ ಕೊಟ್ಟ ಹಾಗೆ.

ಮ್ಯಾಸಚೂಸೆಟ್ಸ್‌ನ ಒಂದೇ ಸೀಟಿನ ಕಥೆ ಸಾಕು. 1960ರಲ್ಲಿ ಗೆದ್ದ ಜಾನ್ ಕೆನಡಿ ಆ ಸೀಟು ಬಿಟ್ಟಾಗ ತಮ್ಮ ಎಡ್ವರ್ಡ್‌ಗೆ 28 ವರ್ಷ. ಸೆನೆಟರ್ ಆಗಲು 30 ತುಂಬಿರಬೇಕು. ಗವರ್ನರ್ ಕೆನಡಿ ಕುಟುಂಬದ ಸ್ನೇಹಿತ ಬೆಂಜಮಿನ್ ಸ್ಮಿತ್‌ರನ್ನು ಕೂರಿಸಿದರು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಅನ್ನಿ. 1962ರಲ್ಲಿ ಎಡ್ವರ್ಡ್ ಗೆದ್ದು ಬಂದು 2009ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಈ ನಡುವೆ 2004ರಲ್ಲಿ ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಜಾನ್ ಕೆರಿ ಅಧ್ಯಕ್ಷ ಸ್ಪರ್ಧೆಯಲ್ಲಿದ್ದರು. ಗೆದ್ದರೆ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ತಮ್ಮವರನ್ನು ನೇಮಿಸಿಯಾರೆಂದು ಡೆಮಾಕ್ರಟಿಕ್ ಶಾಸನಸಭೆ ನೇಮಕದ ಅಧಿಕಾರವನ್ನೇ ಕಿತ್ತು, ಉಪಚುನಾವಣೆ ಕಡ್ಡಾಯ ಮಾಡಿತು. ಕೆರಿ ಸೋತರು, ಕಾನೂನು ಉಳಿಯಿತು. 2009ರಲ್ಲಿ ಗವರ್ನರ್ ತಮ್ಮವರೇ ಇದ್ದುದರಿಂದ ತಾತ್ಕಾಲಿಕ ನೇಮಕಕ್ಕೆ ಮತ್ತೆ ದಾರಿ ಮಾಡಿದರು. ಆದರೂ 2010ರ ಜನವರಿಯ ಉಪಚುನಾವಣೆಯಲ್ಲಿ ಕೆನಡಿಗಳ ಆ ಸೀಟು ರಿಪಬ್ಲಿಕನ್ ಸ್ಕಾಟ್ ಬ್ರೌನ್ ಪಾಲಾಯಿತು.

ಒಬಾಮ ಬಿಟ್ಟ ಇಲಿನಾಯ್ ಸೀಟಿನ ಗತಿ ಇನ್ನೂ ಕೆಟ್ಟದ್ದು. ನೇಮಕವನ್ನು ಮಾರಾಟಕ್ಕಿಟ್ಟ ಆರೋಪದಲ್ಲಿ ಗವರ್ನರ್ ರಾಡ್ ಬ್ಲಗೋಯೆವಿಚ್ 2008ರ ಡಿಸೆಂಬರ್ 9ರಂದು ಬಂಧನಕ್ಕೊಳಗಾದರು. ಮುಂದೆ ಶಿಕ್ಷೆಯೂ ಆಯಿತು.

ಹೇಳಿಸಿಕೊಳ್ಳದೆ ಬಿಟ್ಟವರೂ ಇದ್ದಾರೆ. 1996ರಲ್ಲಿ ಬಾಬ್ ಡೋಲ್ ಸೆನೆಟ್‌ನ ಬಹುಮತದ ನಾಯಕ. ಪ್ರಚಾರಕ್ಕೆ ಹೊರಟರೆ ಸದನ ಕೈತಪ್ಪುತ್ತಿತ್ತು, ಸದನದಲ್ಲಿ ಕೂತರೆ ಕನಿಷ್ಠ ವೇತನದಂಥ ವಿಷಯ ಎತ್ತಿ ವಿರೋಧಿಗಳು ಕಟ್ಟಿಹಾಕುತ್ತಿದ್ದರು. ಜೂನ್ 11ರಂದು ಸೀಟನ್ನೇ ಬಿಟ್ಟರು, ನವೆಂಬರ್‌ನಲ್ಲಿ ಸೋತರು. ಡೋಲ್ ಸೋತದ್ದು ಸೀಟು ಬಿಟ್ಟದ್ದರಿಂದಲ್ಲ, ಆದರೆ ಆಮೇಲೆ ಆ ದಾರಿ ಹಿಡಿಯಲು ಇನ್ನೊಬ್ಬರಿಗೆ ಉತ್ಸಾಹ ಬರುವುದಾದರೂ ಹೇಗೆ?

ಕರ್ನಾಟಕದವರಿಗೆ ಇದು ಹೊಸತಲ್ಲ. 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ, ಬಸವರಾಜ ಬೊಮ್ಮಾಯಿ, ಇ. ತುಕಾರಾಂ ಶಾಸಕರಾಗಿದ್ದುಕೊಂಡೇ ಲೋಕಸಭೆಗೆ ನಿಂತು ಗೆದ್ದರು. ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿನ ಮತದಾರರು ನವೆಂಬರ್ 13ರಂದು ಮತ್ತೆ ಬೂತಿಗೆ ಹೋಗಬೇಕಾಯಿತು. ಮೊದಲೆರಡು ಕಡೆ ಟೆಕ್ಸಸ್‌ನ ಹಾಗೆ ಸೀಟು ಎದುರಾಳಿಯ ಪಾಲಾಯಿತು. ಅಂದಹಾಗೆ, ನಮ್ಮಲ್ಲಿ ಫಲಿತಾಂಶ ಗೆಜೆಟ್‌ನಲ್ಲಿ ಪ್ರಕಟವಾದ 14 ದಿನದೊಳಗೆ ಶಾಸಕ ಸ್ಥಾನ ಬಿಡದಿದ್ದರೆ ಹೋಗುವುದು ಶಾಸಕ ಸ್ಥಾನವಲ್ಲ, ಸಂಸತ್ತಿನ ಸೀಟು. ಹಲವರು ಇದನ್ನು ತಿರುಗಾಮುರುಗಾ ತಿಳಿದಿದ್ದಾರೆ.

ಹಾಗಾದರೆ ಕಡ್ಡಾಯ ಬೇಕೇ? ಬೇಡ ಎಂಬುದೇ ನಮ್ಮ ಉತ್ತರ. ಪಕ್ಷವೊಂದರಲ್ಲಿ ಹತ್ತು ಜನ ಸ್ಪರ್ಧೆಗಿಳಿದರೆ ಗೆಲ್ಲುವವರು ಒಬ್ಬರು. ಉಳಿದ ಒಂಬತ್ತು ಸೀಟುಗಳಲ್ಲಿ ಜನ ಆರಿಸದ ಮುಖಗಳನ್ನು ಕೂರಿಸುವುದರಲ್ಲಿ ಮತದಾರನಿಗೆ ಲಾಭವೇನು? ಒಂದೇ ದಿನ ಎರಡು ಹುದ್ದೆಗೆ ನಿಲ್ಲುವುದನ್ನು ತಡೆಯುವುದು ಬೇರೆ ಮಾತು. ಅಲ್ಲಿ ಕೆಂಟಕಿಯ ನಿಯಮವೇ ಸರಿ.

ನಿಮ್ಮ ಸಂಬಳದ ತಕರಾರಿಗೆ ಹೊಸ ಕಾನೂನು ಬೇಕಿಲ್ಲ. ತನಗೋ ಮನೆಯವರಿಗೋ ಕಾಯಿಲೆ ಎಂಬ ಕಾರಣ ಬಿಟ್ಟು ಗೈರಾದರೆ ಆ ದಿನದ ಸಂಬಳ ಕಡಿಯಬೇಕು ಎಂಬ ಕಾನೂನು 1856ರಿಂದಲೂ ಪುಸ್ತಕದಲ್ಲಿದೆ. ವರ್ಷಕ್ಕೆ 1,74,000 ಡಾಲರ್ ಸಂಬಳದ ಲೆಕ್ಕದಲ್ಲಿ ದಿನಕ್ಕೆ ಸುಮಾರು 477 ಡಾಲರ್. ಕಡಿಯಬೇಕಾದವರು ಸದನದ ಸ್ವಂತ ಅಧಿಕಾರಿಗಳು, ಕಡಿಸಿಕೊಳ್ಳಬೇಕಾದವರು ಅವರ ಯಜಮಾನರು. ಆ ಕಾನೂನು ನಿದ್ದೆ ಹೋಗಿರುವುದು ಅದಕ್ಕೇ.